ಒಂದು ಸೆಮಿಸ್ಟರ್ ಜರ್ಮನಿಗೆ: ವರ್ಷ ಹಾಳಾಗುತ್ತಾ, ತೋಟದ ಮೇಲೆ ಸಾಲ ಮಾಡಬೇಕಾ?

ಪ್ರಶ್ನೆ: ನಮ್ಮೂರು ಶಿರಸಿ ಹತ್ತಿರ. ಹುಬ್ಬಳ್ಳಿಯ ಒಂದು ಸ್ವಾಯತ್ತ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ 4ನೇ ಸೆಮಿಸ್ಟರ್ ಓದುತ್ತಿದ್ದೇನೆ. ಜರ್ಮನಿಯ ಸ್ಟುಟ್‌ಗಾರ್ಟ್ ಕಡೆಯ ವಿಶ್ವವಿದ್ಯಾಲಯವೊಂದರ ಜೊತೆ ನಮ್ಮ ಕಾಲೇಜಿಗೆ ವಿನಿಮಯ ಒಪ್ಪಂದ ಇದೆ. ಬರುವ ಅಕ್ಟೋಬರ್‌ನಿಂದ ಒಂದು ಸೆಮಿಸ್ಟರ್ ಅಲ್ಲಿ ಓದಲು ನನ್ನ ಹೆಸರು ಆಯ್ಕೆಯಾಗಿದೆ. ಏಪ್ರಿಲ್ ಕೊನೆಯೊಳಗೆ ಒಪ್ಪಿಗೆ ಹೇಳಬೇಕು. ಅಲ್ಲಿ ಫೀಸ್ ಇಲ್ಲ ಅನ್ನುತ್ತಾರೆ, ಆದರೆ ಸುಮಾರು 6 ಲಕ್ಷ ರೂಪಾಯಿ ತೋರಿಸಬೇಕಂತೆ. ಸೀನಿಯರ್‌ಗಳು ‘ಹೋದರೆ ಒಂದು ವರ್ಷ ಹಾಳು’ ಅಂತಾರೆ. ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆಯೋಣ ಅಂತಿದ್ದಾರೆ. ನನಗೆ ಜರ್ಮನ್ ಒಂದಕ್ಷರವೂ ಬರುವುದಿಲ್ಲ. ಹೋಗಲಾ, ಬೇಡವಾ?

ಉತ್ತರ: ಹೋಗಿ. ಆದರೆ ಎರಡು ಕೆಲಸ ಆದ ಮೇಲೆ ಮಾತ್ರ ಹೋಗಿ. ಅಲ್ಲಿ ಓದುವ ವಿಷಯಗಳನ್ನು ನಿಮ್ಮ ಕಾಲೇಜು ಒಪ್ಪುತ್ತದೆ ಅನ್ನುವುದಕ್ಕೆ ಸಹಿ ಮಾಡಿದ ಕಾಗದ ನಿಮ್ಮ ಕೈಗೆ ಬಂದಿರಬೇಕು. ತೋಟ ಅಡ ಇಡದೆ ಹಣ ಹೊಂದಿರಬೇಕು. ಇವೆರಡರಲ್ಲಿ ಒಂದು ಆಗದಿದ್ದರೂ ಈ ಸಲ ಬೇಡ ಅನ್ನುತ್ತೇನೆ.

ನಾನು ಓದುವಾಗ ಹೀಗೆಯೇ ಒಂದು ಸೆಮಿಸ್ಟರ್ ಜರ್ಮನಿಗೆ ಹೋಗಿದ್ದೆ. ಈಗ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೊರಗೆ ಹೋಗುವ ಮಕ್ಕಳ ಕೆಲಸವನ್ನೇ ನೋಡಿಕೊಳ್ಳುತ್ತೇನೆ. ವೀಸಾ ಸಿಗದೆ ತೊಂದರೆಗೆ ಬಿದ್ದವರನ್ನು ಕಂಡಿದ್ದು ಕಡಿಮೆ. ವಾಪಸ್ ಬಂದ ಮೇಲೆ ತಮ್ಮದೇ ಕಾಲೇಜಿನ ಪರೀಕ್ಷಾ ವಿಭಾಗದ ಕಿಟಕಿ ಮುಂದೆ ಅಂಕಪಟ್ಟಿ ಹಿಡಿದು ನಿಂತವರೇ ಜಾಸ್ತಿ. ನಿಮ್ಮ ಸೀನಿಯರ್‌ಗಳು ‘ವರ್ಷ ಹಾಳು’ ಅಂದಿದ್ದು ಇದನ್ನೇ. ಅವರ ಮಾತು ಸುಳ್ಳಲ್ಲ. ಆದರೆ ಅದು ತಪ್ಪಿಸಬಹುದಾದ ನಷ್ಟ, ತಪ್ಪಿಸುವ ಕೆಲಸ ಹುಬ್ಬಳ್ಳಿಯಲ್ಲೇ ಮುಗಿಯಬೇಕು.

ಮೊದಲು ‘ವಿನಿಮಯ’ ಅಂದರೆ ಏನು ಅನ್ನುವುದು ತಿಳಿದಿರಲಿ. ಅಲ್ಲಿಗೆ ಹೋದರೂ ನೀವು ಹುಬ್ಬಳ್ಳಿ ಕಾಲೇಜಿನ ವಿದ್ಯಾರ್ಥಿನಿಯೇ. ಇಲ್ಲಿನ ಫೀಸ್ ಕಟ್ಟುತ್ತಿರಬೇಕು, ಅಲ್ಲಿನ ಕಲಿಕಾ ಶುಲ್ಕ ಮಾಫಿ. ಸ್ಟುಟ್‌ಗಾರ್ಟ್ ಇರುವುದು ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ. ಆ ರಾಜ್ಯ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಪದವಿಗೆ ಬರುವವರಿಂದ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಒಪ್ಪಂದದ ಮೇಲೆ ಬರುವವರಿಗೆ ಅದು ಇಲ್ಲ. ಹಾಗಾಗಿ ನಿಮ್ಮನ್ನು ಕಾಲೇಜೇ ಹೆಸರು ಸೂಚಿಸಿ ಕಳಿಸುತ್ತಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಕೆಲವು ಏಜೆಂಟರು ಇದೇ ಹೆಸರಿನಲ್ಲಿ ಪೂರ್ತಿ ಶುಲ್ಕದ ಸೆಮಿಸ್ಟರ್ ಮಾರುತ್ತಾರೆ. ನಿಜವಾದ ವಿನಿಮಯಕ್ಕೆ ಏಜೆಂಟ್ ಬೇಕಿಲ್ಲ. ಯಾರಾದರೂ ‘ಸೀಟು ಮಾಡಿಸಿಕೊಡ್ತೀನಿ’ ಅಂತ ಬಂದರೆ ಮಾತೇ ಮುಂದುವರಿಸಬೇಡಿ.

ಈಗ ಕ್ರೆಡಿಟ್ ವಿಷಯ. ಇದನ್ನು ಸ್ವಲ್ಪ ನಿಧಾನಕ್ಕೆ ಓದಿ.

ಯುರೋಪಿನಲ್ಲಿ ಒಂದು ಸೆಮಿಸ್ಟರ್‌ಗೆ 30, ವರ್ಷಕ್ಕೆ 60 ಕ್ರೆಡಿಟ್. ಅದನ್ನು ಇಸಿಟಿಎಸ್ ಅಂತಾರೆ. ನಮ್ಮಲ್ಲಿ ಬಿ.ಇ. ಪೂರ್ತಿ ಸುಮಾರು 160 ಕ್ರೆಡಿಟ್, ಅಂದರೆ ಸೆಮಿಸ್ಟರ್‌ಗೆ ಹೆಚ್ಚು ಕಡಿಮೆ 20. ಅವರ 30 ಅಂದರೆ ನಮ್ಮ 20. ಅವರ 6 ಇಸಿಟಿಎಸ್‌ನ ಒಂದು ವಿಷಯ ನಮ್ಮ 4 ಕ್ರೆಡಿಟ್‌ನ ವಿಷಯಕ್ಕೆ ಸಮ. ಲೆಕ್ಕ ಸುಲಭ. ಆದರೆ ಕಾಲೇಜುಗಳು ಬರೀ ಸಂಖ್ಯೆ ನೋಡುವುದಿಲ್ಲ, ಪಠ್ಯ ಹೊಂದುತ್ತದಾ ಅಂತ ನೋಡುತ್ತವೆ.

ನಿಮ್ಮ 5ನೇ ಸೆಮಿಸ್ಟರ್‌ನಲ್ಲಿ ಹೀಟ್ ಟ್ರಾನ್ಸ್‌ಫರ್ ಇದೆ ಅಂದುಕೊಳ್ಳಿ. ಜರ್ಮನ್ ವಿಶ್ವವಿದ್ಯಾಲಯಗಳು ಪ್ರತಿ ವಿಷಯದ ವಿವರವನ್ನು ‘ಮೊಡ್ಯೂಲ್ ಹ್ಯಾಂಡ್‌ಬುಕ್’ ಅನ್ನುವ ಕಡತದಲ್ಲಿ ಕೊಡುತ್ತವೆ. ಏನು ಕಲಿಸುತ್ತಾರೆ, ಎಷ್ಟು ಗಂಟೆ, ಯಾವ ಭಾಷೆ, ಪರೀಕ್ಷೆ ಬರವಣಿಗೆಯದ್ದಾ ಮೌಖಿಕವಾ, ಎಲ್ಲವೂ ಅದರಲ್ಲಿರುತ್ತದೆ. ಅದನ್ನು ಇಳಿಸಿಕೊಂಡು ನಿಮ್ಮ ಸಿಲಬಸ್ ಪಕ್ಕದಲ್ಲಿಡಿ. ವಹನ, ಸಂವಹನ, ವಿಕಿರಣ, ಹೀಟ್ ಎಕ್ಸ್‌ಚೇಂಜರ್ ಅಂತ ಒಂದೊಂದೇ ಅಧ್ಯಾಯಕ್ಕೆ ಟಿಕ್ ಹಾಕುತ್ತಾ ಹೋಗಿ. ನಾಲ್ಕರಲ್ಲಿ ಮೂರು ಪಾಲು ಹೊಂದಿದರೆ ನಿಮ್ಮ ಇಲಾಖೆಯವರ ಮುಂದೆ ಧೈರ್ಯವಾಗಿ ಇಡಬಹುದು.

ಇಲ್ಲೊಂದು ತೊಡಕು ಬರುತ್ತದೆ. ಬಿ.ಇ. ಹಂತದ ಮುಖ್ಯ ವಿಷಯಗಳನ್ನು ಅಲ್ಲಿ ಹೆಚ್ಚಾಗಿ ಜರ್ಮನ್‌ನಲ್ಲೇ ಕಲಿಸುತ್ತಾರೆ. ಇಂಗ್ಲಿಷ್‌ನಲ್ಲಿ ಇರುವವು ಜಾಸ್ತಿ ಮಾಸ್ಟರ್ಸ್ ಹಂತದವು. ವಿನಿಮಯಕ್ಕೆ ಬಂದವರಿಗೆ ಪ್ರಾಧ್ಯಾಪಕರ ಒಪ್ಪಿಗೆ ಮೇಲೆ ಕೆಲವು ಮಾಸ್ಟರ್ಸ್ ವಿಷಯಗಳನ್ನೂ ತೆಗೆದುಕೊಳ್ಳಲು ಬಿಡುವುದುಂಟು. ಅದನ್ನು ಈಗಲೇ ಮೇಲ್ ಮಾಡಿ ಕೇಳಿ. ನನ್ನ ಅನುಭವದಲ್ಲಿ ಒಂದು ಸೆಮಿಸ್ಟರ್‌ನ ಎಲ್ಲಾ ವಿಷಯಗಳೂ ಹೊಂದುವುದು ಅಪರೂಪ. ಎರಡು ಮುಖ್ಯ ವಿಷಯ, ಎರಡು ಎಲೆಕ್ಟಿವ್, ಒಂದು ಜರ್ಮನ್ ಭಾಷೆಯ ಕೋರ್ಸ್, ಹೀಗೆ ಹೊಂದಿಸಿಕೊಂಡರೆ ಚೆನ್ನಾಗಿಯೇ ಆಯಿತು. ಉಳಿದ ಒಂದೆರಡನ್ನು ವಾಪಸ್ ಬಂದು ಹೇಗೆ ಮುಗಿಸುವುದು, ಬೇಸಿಗೆ ಸೆಮಿಸ್ಟರ್‌ನಲ್ಲಾ, ಜೂನಿಯರ್‌ಗಳ ಜೊತೆಗಾ, ಅದನ್ನೂ ಅದೇ ಹಾಳೆಯಲ್ಲಿ ಬರೆಸಿ.

ಆ ಹಾಳೆಗೆ ಲರ್ನಿಂಗ್ ಅಗ್ರಿಮೆಂಟ್ ಅಂತ ಹೆಸರು. ಅದಕ್ಕೆ ಮೂರು ಸಹಿ: ನಿಮ್ಮದು, ಇಲ್ಲಿನ ಕಾಲೇಜಿನದು, ಅಲ್ಲಿನ ವಿಶ್ವವಿದ್ಯಾಲಯದ್ದು. ಇಲ್ಲಿನ ಕಾಲೇಜು ಅಂದರೆ ಇಲಾಖೆ ಮುಖ್ಯಸ್ಥರೊಬ್ಬರೇ ಸಾಲದು. ಪರೀಕ್ಷಾ ನಿಯಂತ್ರಕರ ಸಹಿಯೂ ಬೇಕು, ಏಕೆಂದರೆ ಅಂಕಪಟ್ಟಿ ಮಾಡುವವರು ಅವರು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಹೋಗಿ ಎರಡನೇ ವಾರಕ್ಕೆ ವೇಳಾಪಟ್ಟಿ ಬಂತು. ನಾನು ಆರಿಸಿಕೊಂಡಿದ್ದ ಎರಡು ವಿಷಯಗಳು ಬೇರೆ ತರಗತಿಗಳಿಗೆ ಅಡ್ಡ ಬಂದವು. ಎರಡನ್ನೂ ಬಿಟ್ಟು, ಬದಲಿಗೆ ಬೇರೆ ಎರಡು ತೆಗೆದುಕೊಂಡೆ. ಕಾಲೇಜಿಗೆ ಫೋನ್ ಮಾಡಿದೆ. ‘ಪರವಾಗಿಲ್ಲ, ತಗೋ’ ಅಂದರು. ಆ ಎರಡರಲ್ಲೂ ಒಳ್ಳೆಯ ಗ್ರೇಡ್ ಬಂತು. ವಾಪಸ್ ಬಂದಾಗ ಫೋನಿನಲ್ಲಿ ಹೇಳಿದವರು ಬೇರೆ ವಿಭಾಗಕ್ಕೆ ಹೋಗಿದ್ದರು. ಕಾಗದದಲ್ಲಿ ಇಲ್ಲದ್ದನ್ನು ಪರೀಕ್ಷಾ ವಿಭಾಗ ಒಪ್ಪಲಿಲ್ಲ. ಎರಡು ಪರೀಕ್ಷೆಗಳನ್ನು ಜೂನಿಯರ್‌ಗಳ ಜೊತೆ ಕೂತು ಮತ್ತೆ ಬರೆದೆ. ಆ ಹಾಲ್ ಟಿಕೆಟ್ ಹಿಡಿದು ನಿಂತಾಗ ಆದ ಸಂಕಟ ಈಗಲೂ ನೆನಪಿದೆ. ಲರ್ನಿಂಗ್ ಅಗ್ರಿಮೆಂಟ್‌ನಲ್ಲಿ ಹೋದ ಮೇಲೆ ಮಾಡುವ ಬದಲಾವಣೆಗೆ ಬೇರೆಯೇ ಪುಟ ಇರುತ್ತದೆ. ಅದನ್ನು ತುಂಬಿ, ಮತ್ತೆ ಮೂರೂ ಸಹಿ ಹಾಕಿಸಿ ಮೇಲ್‌ನಲ್ಲಿ ತರಿಸಿಕೊಳ್ಳಿ. ಹೋಗುವ ಮೊದಲೇ ಎರಡು ಮೂರು ವಿಷಯಗಳನ್ನು ಬದಲಿಗೆ ಅಂತ ಜಾಸ್ತಿ ಬರೆಸಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಗ್ರೇಡ್ ಬಗ್ಗೆಯೂ ಈಗಲೇ ಕೇಳಿ. ಜರ್ಮನಿಯಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಬಂದರೆ ಪಾಸು, 5.0 ಬಂದರೆ ಫೇಲು. ನಮಗೆ ತಲೆಕೆಳಗಾಗಿ ಕಾಣುತ್ತದೆ. 1.7 ಬಂದಿದೆ ಅಂತ ಮನೆಗೆ ಫೋನ್ ಮಾಡಿದಾಗ ನಮ್ಮಮ್ಮ ಸುಮ್ಮನಾಗಿಬಿಟ್ಟಿದ್ದರು, ಪಾಪ, ಹತ್ತಕ್ಕೆ ಅಂದುಕೊಂಡಿದ್ದರು. ಇದನ್ನು ನಮ್ಮ ಅಂಕಕ್ಕೆ ತಿರುಗಿಸಲು ಬವೇರಿಯಾ ಸೂತ್ರ ಅನ್ನುವ ಲೆಕ್ಕ ಇದೆ. ನಮ್ಮಲ್ಲಿ 10 ಗರಿಷ್ಠ, 4 ಪಾಸು ಅಂತ ಇಟ್ಟುಕೊಂಡರೆ 1.7 ಅಂದರೆ 8.6, 2.5 ಅಂದರೆ 7. ಆದರೆ ಕೆಲವು ಕಾಲೇಜುಗಳು ಹೀಗೆ ತಿರುಗಿಸುವುದಿಲ್ಲ, ಸುಮ್ನೆ ‘ಪಾಸು’ ಅಂತ ಬರೆದು ಸಿಜಿಪಿಎಯಿಂದ ಹೊರಗಿಡುತ್ತವೆ. ನಿಮ್ಮಲ್ಲಿ ಯಾವುದು ಅಂತ ಗೊತ್ತಿದ್ದರೆ ಅಲ್ಲಿ ಕಷ್ಟದ ವಿಷಯ ತೆಗೆದುಕೊಳ್ಳುವ ಧೈರ್ಯ ಬರುತ್ತದೆ.

ಇನ್ನು ಕ್ಯಾಲೆಂಡರ್. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠಗಳು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮೊದಲರ್ಧದವರೆಗೆ. ಆಮೇಲೆ ಪರೀಕ್ಷೆಗಳು, ಕೆಲವು ಮಾರ್ಚ್‌ಗೂ ಹೋಗುತ್ತವೆ. ನಿಮ್ಮ 6ನೇ ಸೆಮಿಸ್ಟರ್ ಇಲ್ಲಿ ಫೆಬ್ರವರಿ ಹೊತ್ತಿಗೆ ಶುರುವಾಗುತ್ತದೆ, ಅಲ್ವಾ? ಅಂದರೆ ಮೊದಲ ನಾಲ್ಕೈದು ವಾರ ನೀವು ಇರುವುದಿಲ್ಲ. ಹಾಜರಿ ಕಡಿಮೆಯಾಗುತ್ತದೆ, ಮೊದಲ ಇಂಟರ್ನಲ್ಸ್ ತಪ್ಪುತ್ತದೆ. ಹಾಜರಿ ವಿನಾಯಿತಿ ಮತ್ತು ಇಂಟರ್ನಲ್ಸ್ ಬೇರೆ ದಿನ ಬರೆಯುವ ಅವಕಾಶ, ಎರಡನ್ನೂ ಪ್ರಿನ್ಸಿಪಾಲರಿಂದ ಪತ್ರದಲ್ಲಿ ಪಡೆಯಿರಿ. ಅಲ್ಲಿಯೂ ಒಂದು ದಾರಿ ಇದೆ. ‘ನಾನು ವಿನಿಮಯಕ್ಕೆ ಬಂದವಳು, ಫೆಬ್ರವರಿ ಕೊನೆಗೆ ಹೊರಡಬೇಕು’ ಅಂತ ನವೆಂಬರ್‌ನಲ್ಲೇ ಕೇಳಿದರೆ ಕೆಲವು ಪ್ರಾಧ್ಯಾಪಕರು ಮುಂಚಿತವಾಗಿ ಮೌಖಿಕ ಪರೀಕ್ಷೆ ಮಾಡಿಕೊಡುತ್ತಾರೆ. ಜನವರಿಯಲ್ಲಿ ಕೇಳಿದರೆ ಮಾಡುವುದಿಲ್ಲ.

5ನೇ ಸೆಮಿಸ್ಟರ್‌ನಲ್ಲಿ ಹೋಗುವುದು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. 7ರಲ್ಲಿ ವಿಷಯ ಹೊಂದಿಸುವುದು ಸುಲಭ, ಎಲೆಕ್ಟಿವ್ ಜಾಸ್ತಿ ಇರುತ್ತವೆ. ಆದರೆ ಕಂಪನಿಗಳು ಕ್ಯಾಂಪಸ್‌ಗೆ ಬರುವುದೂ ಅದೇ ತಿಂಗಳುಗಳಲ್ಲಿ. ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಪ್ಲೇಸ್‌ಮೆಂಟ್ ಬಿಟ್ಟು ಹೋಗು ಅಂತ ನಾನು ಹೇಳಲಾರೆ.

ಈಗ ಹಣ. ಆ 6 ಲಕ್ಷ ಫೀಸ್ ಅಲ್ಲ, ಯಾರಿಗೂ ಕೊಡುವ ಹಣವೂ ಅಲ್ಲ. ಜರ್ಮನ್ ಸರ್ಕಾರ ವಿದ್ಯಾರ್ಥಿಯೊಬ್ಬರ ಖರ್ಚಿಗೆ ತಿಂಗಳಿಗೆ 992 ಯೂರೋ ಬೇಕು ಅಂತ 2024ರ ಸೆಪ್ಟೆಂಬರ್‌ನಿಂದ ಲೆಕ್ಕ ಇಟ್ಟಿದೆ. ಆರು ತಿಂಗಳಿಗೆ 5,952 ಯೂರೋ. ಯೂರೋಗೆ 100 ರೂಪಾಯಿ ಅಂತ ಹಿಡಿದರೂ ಸುಮಾರು 6 ಲಕ್ಷ. ಇದನ್ನು ‘ಬ್ಲಾಕ್ಡ್ ಅಕೌಂಟ್’ ಅನ್ನುವ ಖಾತೆಯಲ್ಲಿ ನಿಮ್ಮ ಹೆಸರಿನಲ್ಲೇ ಇಡುತ್ತೀರಿ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ನಿಮಗೇ ಬರುತ್ತದೆ. ಅಪ್ಪನಿಗೆ ಇದನ್ನು ಬಿಡಿಸಿ ಹೇಳಿ. ‘ಡೆಪಾಸಿಟ್’ ಅಂದಾಗ ಅದು ಹೋಗಿಬಿಡುತ್ತದೆ ಅಂತ ಎಷ್ಟೋ ಜನ ಹೆದರುತ್ತಾರೆ.

ಆದರೆ ಖರ್ಚಾಗುವುದು ನಿಜ, ಅದನ್ನು ಮುಚ್ಚಿಡಬಾರದು. ವಿದ್ಯಾರ್ಥಿ ನಿಲಯದ ಕೋಣೆ ಸಿಕ್ಕರೆ ಬಾಡಿಗೆ 300ರಿಂದ 400 ಯೂರೋ. ಆರೋಗ್ಯ ವಿಮೆ ತಿಂಗಳಿಗೆ 140ಕ್ಕೂ ಜಾಸ್ತಿ. ನಮ್ಮಲ್ಲಿ ಮಾಡಿಸುವ ಪ್ರಯಾಣ ವಿಮೆಯನ್ನು ಅಲ್ಲಿ ವಿದ್ಯಾರ್ಥಿಯ ವಿಮೆ ಅಂತ ಒಪ್ಪುವುದಿಲ್ಲ, ಅದು ಮೊದಲ ದಿನಗಳಿಗೆ ಮಾತ್ರ. ಅಡುಗೆ ಮಾಡಿಕೊಂಡರೆ ಊಟಕ್ಕೆ 200ರ ಒಳಗೆ ಆಗುತ್ತದೆ. ಸೆಮಿಸ್ಟರ್‌ಗೊಮ್ಮೆ ಕಟ್ಟುವ ವಂತಿಗೆ ಬೇರೆ, ಊರಿಂದ ಊರಿಗೆ 100ರಿಂದ 400 ಯೂರೋವರೆಗೆ ಇರುತ್ತದೆ. ಕೆಲವು ಕಡೆ ಅದರಲ್ಲೇ ಬಸ್ಸು ರೈಲಿನ ಪಾಸು ಸೇರಿರುತ್ತದೆ. ವಿಮಾನ, ವೀಸಾದ 75 ಯೂರೋ, ಒಂದು ಒಳ್ಳೆಯ ಚಳಿ ಕೋಟು, ಎಲ್ಲ ಸೇರಿ ಆರೂವರೆ ಲಕ್ಷದ ಹತ್ತಿರ ಹೋಗುತ್ತದೆ. ಹಿಡಿತದಲ್ಲಿದ್ದರೆ ಐವತ್ತು ಅರವತ್ತು ಸಾವಿರ ಉಳಿಸಿಕೊಂಡು ಬರಬಹುದು.

ಎರಡು ಕಡೆ ಹೊಸಬರ ಕೈ ಸುಡುತ್ತದೆ. ಬ್ಲಾಕ್ಡ್ ಅಕೌಂಟ್‌ನ ಮೊದಲ ಕಂತು ಬರಬೇಕಾದರೆ ಅಲ್ಲಿನ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಅಷ್ಟರಲ್ಲಿ ಬಾಡಿಗೆ ಮುಂಗಡ, ಹಾಸಿಗೆ ಪಾತ್ರೆ ಖರ್ಚು ಬಂದು ಕೂತಿರುತ್ತದೆ. ಹಾಗಾಗಿ 1,000 ಯೂರೋ ಆದರೂ ಫಾರೆಕ್ಸ್ ಕಾರ್ಡಿನಲ್ಲಿ ಬೇರೆ ಇರಲಿ. ಇನ್ನೊಂದು ರೇಡಿಯೋ ವಂತಿಗೆ. ಟಿವಿ ಇರಲಿ ಬಿಡಲಿ, ಪ್ರತಿ ಮನೆಗೂ ತಿಂಗಳಿಗೆ 18.36 ಯೂರೋ ಕಟ್ಟಬೇಕು, ಪತ್ರ ತಾನಾಗಿ ಮನೆಗೆ ಬರುತ್ತದೆ. ಅದು ಮೋಸದ ಪತ್ರ ಅಂತ ಹರಿದು ಹಾಕಿದವರಿದ್ದಾರೆ. ಲೆಕ್ಕ ಮನೆಗೆ ಒಂದು. ನಾಲ್ಕು ಜನ ಹಂಚಿಕೊಂಡಿರುವ ಮನೆಯಾದರೆ ಒಬ್ಬರು ಕಟ್ಟಿ ಉಳಿದವರು ಪಾಲು ಕೊಟ್ಟರೆ ಸಾಕು.

ತೋಟದ ಮೇಲಿನ ಸಾಲ ಬೇಡ. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಕಾಣುತ್ತಿಲ್ಲ. ಎರಡು ವರ್ಷದ ಮಾಸ್ಟರ್ಸ್‌ಗೆ ಸಾಲ ಮಾಡಿದರೆ ಕೊನೆಗೆ ಒಂದು ಪದವಿ ಇರುತ್ತದೆ, ಅದರ ಮೇಲೆ ಕೆಲಸ ಹುಡುಕಬಹುದು. ಈ ಸೆಮಿಸ್ಟರ್ ಮುಗಿದಾಗ ನಿಮ್ಮ ಕೈಯಲ್ಲಿರುವುದು ಒಂದು ಅಂಕಪಟ್ಟಿ. ನೀವು ಬದಲಾಗಿರುತ್ತೀರಿ, ಅದು ದೊಡ್ಡದೇ. ಆದರೆ ಅದರಿಂದ ಮುಂದಿನ ವರ್ಷ ಕಂತು ಕಟ್ಟಲು ಆಗುವುದಿಲ್ಲ. ಒಂದು ಮಳೆಗಾಲ ಕೊಳೆರೋಗ ಬಂದರೆ ಏನಾಗುತ್ತದೆ ಅನ್ನುವುದು ನನಗಿಂತ ನಿಮ್ಮ ಮನೆಗೇ ಚೆನ್ನಾಗಿ ಗೊತ್ತು.

ಬದಲಿಗೆ ಏನು ಮಾಡಬಹುದು? ಮೊದಲು ನಿಮ್ಮ ಕಾಲೇಜಿನ ಒಪ್ಪಂದ ಎರಾಸ್ಮಸ್ ಪ್ಲಸ್ ಅಡಿ ಬರುತ್ತದಾ ಅಂತ ಕೇಳಿ. ಎರಾಸ್ಮಸ್ 1987ರಲ್ಲಿ ಯುರೋಪಿನ ಒಳಗಿನ ವಿದ್ಯಾರ್ಥಿಗಳಿಗೆ ಅಂತ ಶುರುವಾದ ಯೋಜನೆ. 2015ರಿಂದ ಭಾರತದಂಥ ಹೊರಗಿನ ದೇಶಗಳ ಕಾಲೇಜುಗಳೂ ಒಪ್ಪಂದ ಮಾಡಿಕೊಂಡು ವಿದ್ಯಾರ್ಥಿಗಳನ್ನು ಕಳಿಸಬಹುದು. ಅದರಡಿ ಹೋದವರಿಗೆ ತಿಂಗಳ ಭತ್ಯೆಯೂ ಪ್ರಯಾಣದ ಹಣವೂ ಸಿಗುತ್ತದೆ. ಎರಡೂ ಕಾಲೇಜುಗಳ ನಡುವೆ ಒಪ್ಪಂದ ಇದ್ದ ಮಾತ್ರಕ್ಕೆ ಇದು ಇರುವುದಿಲ್ಲ, ಅದಕ್ಕೆ ಬೇರೆ ಅನುದಾನ ಮಂಜೂರಾಗಿರಬೇಕು. ವಿದ್ಯಾರ್ಥಿ ವಿನಿಮಯಕ್ಕೆ ನೆರವು ಕೊಡುವ ಜರ್ಮನಿಯ ಡಿಎಎಡಿ ಸಂಸ್ಥೆಯ ಹಣದಲ್ಲಿ ನಡೆಯುವ ಕಾಲೇಜು ಸಹಭಾಗಿತ್ವಗಳೂ ಇವೆ. ನಿಮ್ಮದು ಅಂಥದ್ದಾ ಅಂತಲೂ ವಿಚಾರಿಸಿ. ಇಂಥ ವಿದ್ಯಾರ್ಥಿವೇತನದ ಪತ್ರ ಇದ್ದರೆ ವೀಸಾಕ್ಕೆ ಅಷ್ಟು ಮೊತ್ತವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ತೋರಿಸುವ ಅಗತ್ಯ ಕಡಿಮೆಯಾಗುತ್ತದೆ. ಜರ್ಮನಿಯಲ್ಲಿ ಹತ್ತಿರದ ಸಂಬಂಧಿಕರಿದ್ದರೆ ಅವರು ಅಲ್ಲಿನ ಕಚೇರಿಯಲ್ಲಿ ಜವಾಬ್ದಾರಿ ಪತ್ರ ಕೊಡುವ ದಾರಿಯೂ ಇದೆ. ಅದು ಕಾನೂನಿನ ಹೊಣೆ, ಸುಮ್ನೆ ಕೇಳುವಂಥದ್ದಲ್ಲ.

ಅಲ್ಲಿ ದುಡಿದು ತೀರಿಸುತ್ತೇನೆ ಅಂತ ಲೆಕ್ಕ ಹಾಕಬೇಡಿ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು ಅಂತ 2024ರ ಮಾರ್ಚ್‌ನಿಂದ ನಿಯಮ ಇದೆ. ಆದರೆ ಜರ್ಮನ್ ಬಾರದೆ, ಐದೇ ತಿಂಗಳು ಇರುವವರಿಗೆ ಕೆಲಸ ಸಿಗುವಷ್ಟರಲ್ಲಿ ಕ್ರಿಸ್‌ಮಸ್ ಬಂದಿರುತ್ತದೆ. ಸಿಕ್ಕರೂ ಪರೀಕ್ಷೆ ಹತ್ತಿರ ಬಂದಿರುತ್ತದೆ.

ಪರೀಕ್ಷೆ ಅಂದೆ, ಅದರ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಇಂಟರ್ನಲ್ಸ್, ಅಸೈನ್‌ಮೆಂಟ್, ಹಾಜರಿ ಅಂತ ಯಾರೋ ಒಬ್ಬರು ಬೆನ್ನ ಹಿಂದೆ ಇರುತ್ತಾರೆ. ಅಲ್ಲಿ ಹೆಚ್ಚಿನ ವಿಷಯಗಳಿಗೆ ಕೊನೆಯಲ್ಲಿ ಒಂದೇ ಪರೀಕ್ಷೆ, ಒಂದೂವರೆ ಎರಡು ಗಂಟೆಯದ್ದು, ಎಲ್ಲಾ ಅಂಕವೂ ಅದಕ್ಕೇ. ಲೆಕ್ಚರ್‌ಗೆ ಹೋಗದಿದ್ದರೂ ಯಾರೂ ಕೇಳುವುದಿಲ್ಲ. ಲೆಕ್ಚರ್ ಜೊತೆಗೆ ‘ಊಬುಂಗ್’ ಅಂತ ಲೆಕ್ಕ ಬಿಡಿಸುವ ತರಗತಿ ಇರುತ್ತದೆ. ಅದನ್ನು ಒಂದೂ ತಪ್ಪಿಸಬೇಡಿ. ಪರೀಕ್ಷೆಗೆ ಬರುವ ಮಾದರಿ ಅಲ್ಲಿ ಸಿಗುತ್ತದೆ, ಪಕ್ಕದಲ್ಲಿ ಕೂತವರ ಗೆಳೆತನವೂ ಅಲ್ಲೇ ಸಿಗುತ್ತದೆ. ವೇಳಾಪಟ್ಟಿಯಲ್ಲಿ 10 ಗಂಟೆ ಪಕ್ಕ ‘ಸಿ.ಟಿ.’ ಅಂತ ಇದ್ದರೆ ತರಗತಿ 10:15ಕ್ಕೆ ಶುರು. ‘ಎಸ್.ಟಿ.’ ಅಂತ ಇದ್ದರೆ ಸರಿಯಾಗಿ 10ಕ್ಕೆ. ಮೊದಲ ದಿನ ನಾನು ಖಾಲಿ ಹಾಲ್‌ನಲ್ಲಿ ಕಾಲು ಗಂಟೆ ಒಬ್ಬಳೇ ಕೂತು, ತಪ್ಪು ಕಟ್ಟಡಕ್ಕೆ ಬಂದೆನೇನೋ ಅಂತ ಎದ್ದು ಹೋಗಿದ್ದೆ.

ಜರ್ಮನ್‌ನಲ್ಲಿ ಒಂದು ಪದ ಈಗಲೇ ಕಲಿಯಿರಿ: ಆನ್‌ಮೆಲ್ಡುಂಗ್. ನೋಂದಣಿ ಅಂತ ಅರ್ಥ. ಅದನ್ನು ನೀವು ಎರಡು ಕಡೆ ಮಾಡಬೇಕು. ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ. ಅದಕ್ಕೆ ಮನೆ ಕೊಟ್ಟವರ ಪತ್ರ ಬೇಕು, ಕೀಲಿ ತೆಗೆದುಕೊಳ್ಳುವಾಗಲೇ ಕೇಳಿ ಪಡೆಯಿರಿ. ಇನ್ನೊಂದು ಪರೀಕ್ಷೆಗೆ ನೋಂದಣಿ. ತರಗತಿಗೆ ಸೇರಿದ್ದೀರಿ ಅಂದ ಮಾತ್ರಕ್ಕೆ ಪರೀಕ್ಷೆಗೆ ಕೂರಿಸುವುದಿಲ್ಲ. ಕೆಲವೇ ವಾರ ತೆರೆದಿರುವ ಅವಧಿಯಲ್ಲಿ ಪೋರ್ಟಲ್‌ಗೆ ಹೋಗಿ ಪ್ರತಿ ಪರೀಕ್ಷೆಗೂ ಬೇರೆ ಬೇರೆ ಹೆಸರು ಕೊಡಬೇಕು. ಆ ದಿನ ದಾಟಿದರೆ ಪ್ರಾಧ್ಯಾಪಕರೂ ಏನೂ ಮಾಡಲಾರರು. ನಾನು ಕಳಿಸಿದ ಹುಡುಗನೊಬ್ಬ ಸೆಮಿಸ್ಟರ್ ಪೂರ್ತಿ ಒಂದು ತರಗತಿಯನ್ನೂ ತಪ್ಪಿಸದೆ ಕೂತು, ಹೆಸರು ಕೊಡಲು ಮರೆತು, ಆ ವಿಷಯದ ಕ್ರೆಡಿಟ್ ಇಲ್ಲದೆ ಬಂದ. ಅಲ್ಲಿಂದ ಹೊರಡುವಾಗ ಇದರ ಉಲ್ಟಾ ಕೆಲಸವೂ ಇದೆ, ಆಬ್‌ಮೆಲ್ಡುಂಗ್. ವಿಳಾಸ ತೆಗೆಸದಿದ್ದರೆ ರೇಡಿಯೋ ವಂತಿಗೆ ಏರುತ್ತಲೇ ಇರುತ್ತದೆ. ವಿಮೆಯವರಿಗೂ ಹೇಳಿ ನಿಲ್ಲಿಸಿ.

ಭಾಷೆ ಬಾರದು ಅನ್ನುವುದಕ್ಕೆ ಹೆದರಬೇಡಿ, ಆದರೆ ಹಾಗೆಯೇ ಹೋಗಲೂ ಬೇಡಿ. ಅಕ್ಟೋಬರ್‌ಗೆ ಇನ್ನೂ ಆರು ತಿಂಗಳಿದೆ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಆನ್‌ಲೈನ್‌ನಲ್ಲೂ ಕಲಿಸುತ್ತದೆ. ಎ1 ಅನ್ನುವ ಮೊದಲ ಹಂತ ಮುಗಿಸಿದರೆ ಅಂಗಡಿ, ಬಸ್ಸು, ಕಚೇರಿ ಸಾಗುತ್ತದೆ. ಜರ್ಮನ್‌ನಲ್ಲಿ ಹೆಚ್ಚು ಕಡಿಮೆ ಬರೆದಂತೆಯೇ ಓದುತ್ತಾರೆ. ಕನ್ನಡದವರಿಗೆ ಅದು ಇಂಗ್ಲಿಷ್‌ಗಿಂತ ಬೇಗ ಬಾಯಿಗೆ ಹತ್ತುತ್ತದೆ ಅನ್ನುವುದು ನಾನು ಕಂಡಿದ್ದು.

ಭಾಷೆಯ ಮಾತು ಬಂತು ಅಂತ ಇದನ್ನೂ ಹೇಳುತ್ತೇನೆ. ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ನೀವು ಹುಬ್ಬಳ್ಳಿಯಲ್ಲಿ ಓದುವವರು, ಕಿಟೆಲ್ ಹೆಸರು ಕೇಳಿಯೇ ಇರುತ್ತೀರಿ. 1853ರಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡಿದ್ದು ಆ ಊರಿನಲ್ಲೇ. ಒಂದು ಭಾನುವಾರ ಅಲ್ಲಿಗೆ ಹೋಗಿ ಬನ್ನಿ. ನಾನು ಹೋಗಿದ್ದು ನವೆಂಬರ್‌ನಲ್ಲಿ. ನೆಕ್ಕರ್ ನದಿಯ ಸೇತುವೆ ಮೇಲೆ ನಿಂತು, ನಮ್ಮ ಭಾಷೆಯ ಒಂದೊಂದೇ ಪದವನ್ನು ವರ್ಷಗಟ್ಟಲೆ ಕೂಡಿಸಿಟ್ಟ ಮನುಷ್ಯ ಕೊನೆಗೆ ಈ ಚಳಿಯಲ್ಲಿ ನಡೆದಾಡಿದ್ದ ಅಂತ ನೆನೆದಾಗ ಗಂಟಲು ಕಟ್ಟಿತ್ತು. ಅಲ್ಲಿಗೆ ಹೋಗಿ ತಿಂಗಳಾಗಿತ್ತು, ಯಾರ ಜೊತೆಗೂ ಕನ್ನಡ ಮಾತಾಡಿರಲಿಲ್ಲ.

ನವೆಂಬರ್ ನಿಜಕ್ಕೂ ಕಷ್ಟದ ತಿಂಗಳು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಮಗೂ ಅವರಿಗೂ ಇದ್ದ ಮೂರೂವರೆ ಗಂಟೆ ಅಂತರ ನಾಲ್ಕೂವರೆ ಆಗುತ್ತದೆ. ಡಿಸೆಂಬರ್ ಹೊತ್ತಿಗೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ನೀವು ತರಗತಿಯಿಂದ ಹೊರಗೆ ಬರುವಾಗ ಅಲ್ಲಿ ಕತ್ತಲು, ಮನೆಯಲ್ಲಿ ಅಪ್ಪ ಅಮ್ಮ ಊಟ ಮುಗಿಸಿ ಮಲಗುವ ಹೊತ್ತು. ಮಧ್ಯಾಹ್ನ ಮೂರರ ಸುಮಾರಿಗೆ, ಅಂದರೆ ನಮ್ಮ ಏಳೂವರೆಗೆ, ಫೋನ್ ಮಾಡುವ ರೂಢಿ ಇಟ್ಟುಕೊಳ್ಳಿ. ಕೋಣೆಯಲ್ಲಿ ಒಬ್ಬಳೇ ಉಣ್ಣಬೇಡಿ. ಹಂಚಿಕೊಂಡ ಅಡುಗೆಮನೆಯಲ್ಲಿ ಕೂತು ಉಣ್ಣಿ. ನನಗೆ ಗೆಳತಿಯರು ಸಿಕ್ಕಿದ್ದು ಒಗ್ಗರಣೆಯ ವಾಸನೆಗೆ ‘ಇದೇನು’ ಅಂತ ಬಾಗಿಲಲ್ಲಿ ಇಣುಕಿದವರಿಂದ.

ಊಟದ ಚಿಂತೆ ದೊಡ್ಡದಲ್ಲ. ಅಕ್ಕಿ, ಬೇಳೆ, ಸಾಂಬಾರ ಪದಾರ್ಥ ಸ್ಟುಟ್‌ಗಾರ್ಟ್‌ನಲ್ಲಿ ಸಿಗುತ್ತವೆ. ವಿಶ್ವವಿದ್ಯಾಲಯದ ಮೆನ್ಸಾದಲ್ಲಿ, ಅಂದರೆ ಕ್ಯಾಂಟೀನಿನಲ್ಲಿ, ಸಸ್ಯಾಹಾರದ ತಟ್ಟೆ ಬೇರೆ ಗುರುತಿನಲ್ಲಿ ಇರುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿ. ಒಂದು ಮಾತು ಅಮ್ಮನಿಗೆ ಹೇಳಿ: ಹಾಲಿನ ಪದಾರ್ಥ, ಮಾಂಸ ಯಾವುದನ್ನೂ ಯುರೋಪಿನೊಳಗೆ ಒಯ್ಯುವಂತಿಲ್ಲ. ಧಾರವಾಡ ಪೇಡೆ, ಮನೆ ತುಪ್ಪ ಎರಡೂ ವಿಮಾನ ನಿಲ್ದಾಣದ ಬುಟ್ಟಿಗೆ ಹೋಗುತ್ತವೆ. ಹಸಿ ಕರಿಬೇವೂ ಬೇಡ. ಸಾರಿನ ಪುಡಿ, ಚಟ್ನಿಪುಡಿ ತೊಂದರೆಯಿಲ್ಲ. ತೆಂಗಿನಕಾಯಿಗೆ ಮಾತ್ರ ಅವರ ನಿಯಮದಲ್ಲೇ ವಿನಾಯಿತಿ ಇದೆ, ತೋಟದ ಒಂದೆರಡು ಕಾಯಿ ಇಟ್ಟುಕೊಂಡು ಹೋಗಬಹುದು.

ವೀಸಾ ಬಗ್ಗೆ ಚಿಕ್ಕದಾಗಿ. ಮೂರು ತಿಂಗಳಿಗಿಂತ ಜಾಸ್ತಿ ಇರುವುದರಿಂದ ಪ್ರವಾಸಿ ಷೆಂಗೆನ್ ವೀಸಾ ನಡೆಯುವುದಿಲ್ಲ, ರಾಷ್ಟ್ರೀಯ ವೀಸಾ ಬೇಕು. ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಪ್ರವೇಶ ಪತ್ರ ಕೈಗೆ ಬಂದ ದಿನವೇ ಅಪಾಯಿಂಟ್‌ಮೆಂಟ್‌ಗೆ ಹಾಕಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿ. ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಬೇರೆಯೇ ಹಾಕಬೇಕು, ಪ್ರವೇಶ ಸಿಕ್ಕಿತು ಅಂದರೆ ಕೋಣೆ ಸಿಕ್ಕಿತು ಅಂತಲ್ಲ. ಹೊರಗಿನ ಬಾಡಿಗೆ ನಿಮ್ಮ ಲೆಕ್ಕವನ್ನೆಲ್ಲ ಬುಡಮೇಲು ಮಾಡಿಬಿಡುತ್ತದೆ.

ನಿಮ್ಮ ಹತ್ತಿರ ಏಪ್ರಿಲ್ ಕೊನೆಯವರೆಗೆ ಸಮಯ ಇದೆ. ಈ ಭಾನುವಾರ ಮೊಡ್ಯೂಲ್ ಹ್ಯಾಂಡ್‌ಬುಕ್ ಇಳಿಸಿಕೊಂಡು ಒಂದು ಹಾಳೆಯಲ್ಲಿ ಎಡಕ್ಕೆ ನಿಮ್ಮ 5ನೇ ಸೆಮಿಸ್ಟರ್ ವಿಷಯಗಳು, ಬಲಕ್ಕೆ ಅಲ್ಲಿನವು, ಪಕ್ಕದಲ್ಲಿ ಕ್ರೆಡಿಟ್, ಕೆಳಗೆ ವಾಪಸ್ ಬಂದು ಬರೆಯುವ ವಿಷಯಗಳು, ಹಾಜರಿ ವಿನಾಯಿತಿ, ಗ್ರೇಡ್ ತಿರುಗಿಸುವ ರೀತಿ, ಇಷ್ಟನ್ನು ಬರೆಯಿರಿ. ಸೋಮವಾರ ಇಲಾಖೆ ಮುಖ್ಯಸ್ಥರ ಹತ್ತಿರ ಒಯ್ಯಿರಿ. ಅವರು ಹಾಳೆ ನೋಡದೆಯೇ ‘ಒಳ್ಳೆ ಅವಕಾಶ ಕಣಮ್ಮಾ, ಹೋಗಿ ಬಾ, ಆಮೇಲೆ ನೋಡೋಣ’ ಅನ್ನಬಹುದು. ಖುಷಿಯಿಂದಲೇ ಅನ್ನುತ್ತಾರೆ. ಆಗ ಏಳಬೇಡಿ. ಹಾಳೆಯನ್ನು ಅವರ ಕಡೆಗೆ ಸರಿಸಿ, ‘ಸಾರ್, ಇಲ್ಲಿ ಒಂದು ಸಹಿ ಬೇಕು’ ಅಂತ ಕೇಳಿ.